ತವರಿಗೊಂದು ಪ್ರತಿ

ಬೇಲೂರಿನ ಚೆನ್ನಕೇಶವ ದೇವಾಲಯದ ಎದುರು ನಮ್ಮ ಶಾಲೆಯ ಪ್ರವಾಸದ ಬಸ್ಸು ನಿಂತಾಗ ಬೆಳಗಿನ ಹತ್ತೂವರೆ ಗಂಟೆ. ನಲವತ್ತೆರಡು ಮಕ್ಕಳು, ಮೂವರು ಶಿಕ್ಷಕಿಯರು, ಒಂದು ದೊಡ್ಡ ಡಬರಿ ತುಂಬ ಚಿತ್ರಾನ್ನ. ಮಕ್ಕಳನ್ನು ಎಣಿಸಿ, ಸಾಲು ಮಾಡಿಸುವಷ್ಟರಲ್ಲಿ ನನ್ನ ಗಂಟಲು ಅರ್ಧ ಕೂತುಹೋಗಿತ್ತು. ಆಗ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ನಡುವಯಸ್ಸಿನವರೊಬ್ಬರು ಮಾದರಿ ಫೋಟೋಗಳ ಆಲ್ಬಮ್ ಹಿಡಿದು ಹತ್ತಿರ ಬಂದರು. ‘ಮೇಡಂ, ಗೋಪುರ ಪೂರ್ತಿ ಬರೋ ಹಾಗೆ ತೆಗೀತೀನಿ. ಹತ್ತೇ ನಿಮಿಷ, ಪ್ರಿಂಟ್ ಕೈಗೇ ಕೊಡ್ತೀನಿ’ ಎಂದರು. ಜೊತೆಗಿದ್ದ ಕಿರಿಯ ಶಿಕ್ಷಕಿ ತನ್ನ ಮೊಬೈಲನ್ನು ಎತ್ತಿ ತೋರಿಸಿ ನಕ್ಕಳು. ಅವರೂ ನಕ್ಕರು. ದಿನಕ್ಕೆ ನೂರು ಸಲ ಆ ಉತ್ತರ ಕೇಳಿದವರ ನಗು ಅದು.

ನಾನು ಮಾತ್ರ ‘ತೆಗೀರಿ’ ಎಂದೆ. ಒಬ್ಬಳೇ ಹೋಗಿ ನಿಂತೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ತಲೆಯೆತ್ತಿ ಸೂರ್ಯನನ್ನು ನೋಡಿ, ತಮ್ಮ ನೆರಳು ಎಲ್ಲಿ ಬೀಳುತ್ತಿದೆಯೆಂದು ನೆಲವನ್ನೊಮ್ಮೆ ನೋಡಿ, ಆಮೇಲೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು. ಆ ನೆಲ ನೋಡಿದ ಗಳಿಗೆಗೇ ನಾನು ಕೊಡಲಿದ್ದ ದುಡ್ಡು ಸಂದಾಯವಾಯಿತು ಅನ್ನಿಸಿತು. ನಮ್ಮ ಅಪ್ಪ ಕೂಡ ಹಾಗೇ ಮಾಡುತ್ತಿದ್ದರು.

ಇದು 2024ರ ಜನವರಿಯ ಮಾತು. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದವು. ಅದಕ್ಕೇ ಆ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಆದರೆ ನಾನು ಫೋಟೋ ತೆಗೆಸಿಕೊಂಡದ್ದಕ್ಕೆ ಯುನೆಸ್ಕೋ ಕಾರಣವಲ್ಲ. ಆ ಕಾರಣ ಅದಕ್ಕೆ ನಾಲ್ಕು ತಿಂಗಳ ಹಿಂದೆ ನಮ್ಮ ಮನೆಯ ಬಾಗಿಲು ತಟ್ಟಿತ್ತು. ಅದನ್ನು ಹೇಳುವುದಕ್ಕೆ ಮೊದಲು ಸ್ವಲ್ಪ ಹಿಂದಿನಿಂದ ಬರಬೇಕು. ಇತಿಹಾಸದ ಪಾಠ ಮಾಡುವವರ ಚಾಳಿ, ಓದುಗರು ಮನ್ನಿಸಬೇಕು.

ಹಳೇಬೀಡಿಗೆ ಹೋಗುವ ದಾರಿಯಲ್ಲಿ ಬಸ್ಸಿನೊಳಗೆ ಮಕ್ಕಳಿಗೆ ಒಂದು ಕತೆ ಹೇಳಿದೆ. ಫ್ರಾನ್ಸಿನಲ್ಲಿ ಫೋಟೋ ತೆಗೆಯುವ ವಿದ್ಯೆ ಪ್ರಕಟವಾದದ್ದು 1839ರಲ್ಲಿ. ಅದಾಗಿ ಹದಿನೈದೇ ವರ್ಷಕ್ಕೆ, 1854ರ ಡಿಸೆಂಬರಿನಲ್ಲಿ, ಮದ್ರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಎಂಬಾತ ಆಂಡ್ರ್ಯೂ ನೀಲ್ ಎಂಬ ವೈದ್ಯರ ಜೊತೆಗೂಡಿ ಇದೇ ದಾರಿಯಲ್ಲಿ ಬಂದ. ಎತ್ತಿನ ಗಾಡಿಯ ಮೇಲೆ ಮರದ ಪೆಟ್ಟಿಗೆಯ ಕ್ಯಾಮೆರಾ, ಬಾಟಲಿಗಳು, ಕಾಗದದ ಕಟ್ಟುಗಳು ಬಂದವೆಂದು ಊಹಿಸಿಕೊಳ್ಳಿ ಎಂದೆ. ಆಗ ಫಿಲ್ಮು ಇರಲಿಲ್ಲ, ಮೇಣ ಸವರಿದ ಕಾಗದವೇ ನೆಗೆಟಿವ್. ಎರಡು ವರ್ಷದ ನಂತರ, 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೇನಾಧಿಕಾರಿ ಹಂಪೆಯ ಹಾಳುಗಳನ್ನು ಹಾಗೆಯೇ ಮೇಣದ ಕಾಗದದಲ್ಲಿ ಹಿಡಿದ. ಅವು ಎಷ್ಟೋ ಕಾಲ ಮರೆಯಲ್ಲಿದ್ದು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. ನಮ್ಮ ಜಿಲ್ಲೆಯೂ ಹಿಂದೆ ಬಿದ್ದಿರಲಿಲ್ಲ. 1865ರಲ್ಲಿ ಮೇಜರ್ ಡಿಕ್ಸನ್ ಎಂಬಾತ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆಯುತ್ತಾ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕಲ್ಲುಗಳನ್ನೂ ತೆಗೆದ. ಬಿ. ಎಲ್. ರೈಸ್ ಅವರು 1879ರಲ್ಲಿ ಪ್ರಕಟಿಸಿದ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಪುಸ್ತಕದಲ್ಲಿ ಆ ಫೋಟೋಗಳನ್ನು ನೋಡಿ ಓದಿದ ಶಾಸನಗಳಿವೆ.

‘ಮಿಸ್, ಆ ಫೋಟೋಗಳಲ್ಲಿ ಜನ ಯಾರಿದ್ದಾರೆ?’ ಎಂದು ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು.

ಒಳ್ಳೆಯ ಪ್ರಶ್ನೆ. ಹೆಚ್ಚಿನವುಗಳಲ್ಲಿ ಯಾರೂ ಇಲ್ಲ. ಕಾಗದದ ಮೇಲೆ ಬೆಳಕು ಮೂಡಲು ನಿಮಿಷಗಟ್ಟಲೆ ಕಾಯಬೇಕಿತ್ತು. ಅಷ್ಟು ಹೊತ್ತು ಕಲ್ಲು ಅಲುಗಾಡದೆ ನಿಲ್ಲುತ್ತದೆ, ಮನುಷ್ಯ ನಿಲ್ಲಲಾರ. ನಡೆದು ಹೋದವರು ಚಿತ್ರದಲ್ಲಿ ಮೂಡುವುದೇ ಇಲ್ಲ. ಎಲ್ಲೋ ಒಬ್ಬ ಕಂಡರೆ ಅವನು ಕಂಬ ಎಷ್ಟೆತ್ತರ ಎಂದು ತೋರಿಸಲು ನಿಲ್ಲಿಸಿದ ಅಳತೆಕೋಲು, ಅಷ್ಟೆ. ಅವನ ಹೆಸರನ್ನು ಯಾರೂ ಕೇಳಲಿಲ್ಲ. ಹೆಂಗಸರಂತೂ ದೂರವೇ ಉಳಿದರು. ಪರಗಂಡಸಿನ ಎದುರು ಕೂರುವುದೆಂತು? 1892ರಲ್ಲಿ ಹೈದರಾಬಾದಿನ ಸೀಮೆಯಲ್ಲಿ ಲಾಲಾ ದೀನದಯಾಳ್ ಅವರು ಹೆಂಗಸರಿಗೆಂದೇ ಬೇರೆ ಸ್ಟುಡಿಯೋ ತೆರೆದು ಅದನ್ನು ನಡೆಸಲು ಒಬ್ಬ ಇಂಗ್ಲಿಷ್ ಮಹಿಳೆಯನ್ನು ನೇಮಿಸಿದ್ದು ಇದೇ ಕಾರಣಕ್ಕೆ. ಅಲ್ಲಿಗೆ ಹೋಗುತ್ತಿದ್ದವರು ನವಾಬರ ಮನೆಯವರು. ನಮ್ಮ ನಿಮ್ಮ ಅಜ್ಜಿಯರು ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಹೆದರಿ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದವರು.

ಹಾಗಿದ್ದಲ್ಲಿ ಕಲ್ಲಿನ ಮುಂದೆ, ಕೋಟೆಯ ಮುಂದೆ, ಜಲಪಾತದ ಮುಂದೆ ಸಾಧಾರಣ ಸಂಸಾರಸ್ಥರನ್ನು ತಂದು ನಿಲ್ಲಿಸಿದವರು ಯಾರು? ಆಗ್ರಾದಲ್ಲಿ, ಮೈಸೂರಿನಲ್ಲಿ, ಹಂಪೆಯಲ್ಲಿ, ನಮ್ಮ ಜೋಗದಲ್ಲಿ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ‘ಬನ್ನಿ ಸಾರ್, ಒಂದು ನೆನಪಿಗೆ’ ಎಂದು ಕರೆಯುತ್ತಿದ್ದವರು. ಇತಿಹಾಸದ ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ. ನನ್ನ ಅಪ್ಪ ಅವರಲ್ಲೊಬ್ಬರು. ಅವರ ಕೆಲಸವೂ ಇತಿಹಾಸವೇ ಎಂದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ಅಪ್ಪನ ಸ್ಟುಡಿಯೋ ಇದ್ದದ್ದು ಭದ್ರಾವತಿಯಲ್ಲಿ. ಬೆಂಕಿಪುರವೆಂದು ಹಿಂದೆ ಹೆಸರಿದ್ದ ಊರದು. 1923ರಲ್ಲಿ ಕಬ್ಬಿಣದ ಕಾರ್ಖಾನೆಯೂ, 1936ರಲ್ಲಿ ಕಾಗದದ ಕಾರ್ಖಾನೆಯ ಕಂಪನಿಯೂ ಹುಟ್ಟಿಕೊಂಡ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ಸೇರಿದರು. ತಮಿಳರು, ತೆಲುಗರು, ಮಲೆಯಾಳಿಗಳು, ಬಯಲುಸೀಮೆಯವರು. ಮನೆ ಬಿಟ್ಟು ಬಂದವರಿಗೆ ಫೋಟೋ ಬೇಕು. ಊರಿಗೆ ಕಳಿಸಿ ‘ನಾನು ಹೀಗಿದ್ದೇನೆ, ಚೆನ್ನಾಗಿದ್ದೇನೆ’ ಎಂದು ತೋರಿಸಬೇಕು. ಕಾರ್ಖಾನೆಯ ಪಾಳಿ ಮುಗಿದ ಮೇಲೆ ಮಸಿ ತೊಳೆದುಕೊಂಡು, ಸ್ಟುಡಿಯೋದಲ್ಲಿ ನೇತುಹಾಕಿದ್ದ ಕೋಟನ್ನು ತೊಟ್ಟು ಕೂರುತ್ತಿದ್ದರು. ಆ ಒಂದು ಕೋಟನ್ನು ಎಷ್ಟು ಸಾವಿರ ಜನ ತೊಟ್ಟಿರಬಹುದೋ! ಹೆಣ್ಣು ತೋರಿಸುವ ಫೋಟೋಗಳದ್ದೇ ಒಂದು ಪ್ರಕರಣ. ಆ ಕಾಲದಲ್ಲಿ ಸಿಡುಬಿನ ಕಲೆಯ ಹೆಣ್ಣುಮಕ್ಕಳು ಬಹಳ. ಅಪ್ಪ ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಚೂಪು ಪೆನ್ಸಿಲಿನಲ್ಲಿ ನೆಗೆಟಿವ್ ಮೇಲೆ ಚುಕ್ಕಿ ಇಡುತ್ತಾ ಕೂರುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪು ಮಾಡಿದ್ದು ಪ್ರಿಂಟ್‌ನಲ್ಲಿ ಬಿಳುಪಾಗುತ್ತದೆ, ಕಲೆ ಮಾಯವಾಗುತ್ತದೆ. ‘ಮದುವೆಯಾದ ಮೇಲೆ ನೋಡೋದಿಲ್ವಾ?’ ಎಂದು ಅಮ್ಮ ಕೇಳುತ್ತಿದ್ದಳು. ‘ನೋಡೋಕೆ ಬರೋ ಹಾಗಾದ್ರೂ ಆಗ್ಲಿ, ಆಮೇಲೆ ಅವಳ ಗುಣ ಇದೆಯಲ್ಲ’ ಎನ್ನುತ್ತಿದ್ದರು ಅಪ್ಪ. ಇದು ಮೋಸವೋ ಉಪಕಾರವೋ, ನನಗೆ ಇಂದಿಗೂ ಬಗೆಹರಿದಿಲ್ಲ.

ಸ್ಟುಡಿಯೋದಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲ. ಹಾಗಾಗಿ ಮಳೆಗಾಲದ ಜೋರು ಇಳಿದ ಮೇಲೆ, ಆಗಸ್ಟ್ ಕೊನೆಯಿಂದ ಡಿಸೆಂಬರಿನವರೆಗೆ, ಪ್ರತಿ ಭಾನುವಾರ ಜೋಗ. ಶನಿವಾರ ಸಂಜೆ ಶಿವಮೊಗ್ಗಕ್ಕೆ ಬಂದು, ತಾಳಗುಪ್ಪದ ಸಣ್ಣ ರೈಲು ಹತ್ತಿ, ಸಾಗರದಲ್ಲಿ ಬಳಗದವರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಜೋಗ. ಮೀಟರ್ ಗೇಜಿನ ಆ ಹಳಿ ಈಗಿಲ್ಲ. 2011ರಿಂದ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ರೈಲೇ ಓಡುತ್ತದೆ.

ಜೋಗದ ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ? 830 ಅಡಿ ಎತ್ತರ, ರಾಜ, ರಾಣಿ, ರೋರರ್, ರಾಕೆಟ್. ಆದರೆ ಒಂದು ಸಂಗತಿ ಈಗಿನವರಿಗೆ ಮರೆತಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಅದು ಗಡಿ. ಈಚೆ ದಡ ಮೈಸೂರು ರಾಜ್ಯದ್ದು, ಆಚೆ ದಡ ಮುಂಬಯಿ ರಾಜ್ಯದ್ದು. ಆಚೆ ದಡದ ಬಂಗಲೆಗೆ ಬಾಂಬೆ ಬಂಗಲೆ ಎಂಬ ಹೆಸರು ಹಾಗೆ ಬಂದದ್ದು. 1948ರಲ್ಲಿ ವಿದ್ಯುತ್ ಕೇಂದ್ರ ಆಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ನೀರು ಬೀಳುವ ತಿಂಗಳುಗಳು ಕಡಿಮೆಯಾದವು, ಶರಾವತಿಯ ಇಕ್ಕೆಲದ ಊರುಗಳು ಮುಳುಗಿದವು. ಒಮ್ಮೆ ಒಬ್ಬ ಮುದುಕರು ಅಪ್ಪನ ಹತ್ತಿರ ಫೋಟೋ ತೆಗೆಸಿಕೊಳ್ಳಲು ಬಂದು, ಜಲಪಾತ ಬೇಡ, ಈ ಕಡೆಯ ಮರ ಇರಲಿ ಎಂದರಂತೆ. ‘ನಮ್ಮನೆ ಮುಳುಗಿಸಿದ ನೀರು, ನನ್ನ ಬೆನ್ನ ಹಿಂದೆ ಯಾಕೆ ನಿಲ್ಬೇಕು?’ ಎಂದರಂತೆ. ಅಪ್ಪ ಮರದ ಮುಂದೆಯೇ ತೆಗೆದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಜಲಪಾತದ ಮುಂದೆ ಫೋಟೋ ತೆಗೆಯುವುದು ಸುಲಭದ ಕೆಲಸವಲ್ಲ. ಹಿಂದೆ ಹಾಲಿನಂತೆ ಬಿಳಿಯ ನೀರು, ಅದಕ್ಕೆ ಹೊಂದಿಸಿದರೆ ಮುಂದೆ ನಿಂತವರ ಮುಖ ಕಪ್ಪು. ಮುಖಕ್ಕೆ ಹೊಂದಿಸಿದರೆ ನೀರೆಲ್ಲ ಸುಣ್ಣದ ಗೋಡೆ. ಕಣಿವೆಯಿಂದ ಎದ್ದ ಮಂಜು ಬಂದು ಮುಚ್ಚಿದರೆ ಅರ್ಧ ಗಂಟೆ ರಾಜನೂ ಇಲ್ಲ, ರಾಣಿಯೂ ಇಲ್ಲ. ಬಸ್ಸಿನ ಡ್ರೈವರು ಹಾರನ್ ಹೊಡೆಯುತ್ತಾನೆ, ಜನ ಕಾಯುವುದಿಲ್ಲ. ತುಂತುರು ಹಾರಿ ಲೆನ್ಸಿನ ಮೇಲೆ ಕೂರುತ್ತದೆ. ಅಪ್ಪನದು ಎರಡು ಕಣ್ಣಿನ ಯಾಷಿಕಾ. ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಅದರಲ್ಲಿ ಎಡ ಬಲವಾಗಿ ಕಾಣುತ್ತದೆ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ‘ಇಂದು’ ಫಿಲ್ಮು 1967ರಿಂದ ಬರತೊಡಗಿತ್ತು. ಆದರೂ ಒಂದೊಂದು ಚಿತ್ರಕ್ಕೂ ಕೈ ಬಿಗಿ. ಯಾರೋ ಕಣ್ಣು ಮುಚ್ಚಿದರೆ ಇನ್ನೊಂದು ತೆಗೆದುಬಿಡುವ ಈಗಿನ ದಾರಾಳ ಆಗ ಎಲ್ಲಿತ್ತು?

ಈ ಕೆಲಸದಲ್ಲಿ ಅರ್ಧ ಅಮ್ಮನದು. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಫೋಟೋದ ಹಿಂದಿನ ರಬ್ಬರ್ ಸ್ಟಾಂಪಿನಲ್ಲಿ ಅಪ್ಪನ ಹೆಸರು ಮಾತ್ರ ಇರುತ್ತಿತ್ತು. ತುಂತುರಿಗೆ ಅಡ್ಡವಾಗಿ ಅಪ್ಪನ ತಲೆಯ ಮೇಲೆ ಕೊಡೆ ಹಿಡಿಯುವವಳು ಅಮ್ಮ. ಹೆಂಗಸರ ಸೆರಗು ಸರಿಮಾಡುವವಳು, ಗಲ್ಲ ಹಿಡಿದು ಮುಖ ಎತ್ತುವವಳು, ಹೂವನ್ನು ಕಾಣುವ ಹಾಗೆ ಮುಂದಕ್ಕೆ ತರುವವಳು ಅಮ್ಮ. ಅಪ್ಪ ಪರಹೆಣ್ಣುಮಕ್ಕಳ ಗಲ್ಲ ಮುಟ್ಟುವ ಹಾಗಿರಲಿಲ್ಲ, ಮುಟ್ಟಿದ್ದರೆ ಗಂಡಂದಿರು ಬಿಡುತ್ತಲೂ ಇರಲಿಲ್ಲ. ‘ಗಂಡನ ಕಡೆ ಒಂಚೂರು ಸರಿಯಮ್ಮ, ಅವರೇನು ಹುಲಿಯಾ?’ ಎಂದು ಅಮ್ಮ ಹೇಳಿದರೆ ಹೊಸ ಮದುವಣಗಿತ್ತಿ ಫಕ್ಕನೆ ನಗುತ್ತಿದ್ದಳು. ಅಪ್ಪ ಆ ನಗು ಇಳಿಯುವ ಮೊದಲು ಬಟನ್ ಒತ್ತುತ್ತಿದ್ದರು. ರಜೆಯ ದಿನಗಳಲ್ಲಿ ಮಾದರಿ ಆಲ್ಬಮ್ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ.

ಮುಂಗಡ ದುಡ್ಡು, ರಸೀದಿ, ವಿಳಾಸ. ಪ್ರಿಂಟ್ ಅಂಚೆಯಲ್ಲಿ ಹೋಗಬೇಕು. ಎಂದೂ ನೋಡದ ಮನುಷ್ಯನ ಕೈಗೆ ದುಡ್ಡು ಕೊಟ್ಟು, ಒಂದು ಚೀಟಿ ಇಸಿದುಕೊಂಡು, ಗುಲ್ಬರ್ಗಕ್ಕೋ ಕೊಲ್ಲಾಪುರಕ್ಕೋ ಹಿಂದಿರುಗುತ್ತಿದ್ದ ಜನರ ನಂಬಿಕೆಯನ್ನು ನೆನೆದರೆ ಈಗ ಆಶ್ಚರ್ಯವಾಗುತ್ತದೆ. 1972ರಲ್ಲಿ ಪಿನ್ ಕೋಡ್ ಬಂದ ಮೇಲೆ ಅಪ್ಪನಿಗೆ ಅದರ ಹುಚ್ಚು. ಜನಕ್ಕೆ ತಮ್ಮೂರ ಪಿನ್ ಕೋಡ್ ಗೊತ್ತೇ ಇರುತ್ತಿರಲಿಲ್ಲ. ಅಮ್ಮ ಅಂಚೆ ಕಚೇರಿಯಿಂದ ತಂದ ಪುಸ್ತಕ ನೋಡಿ ತುಂಬುತ್ತಿದ್ದಳು.

ವಿಳಾಸ ಬರೆದುಕೊಳ್ಳುವುದೂ ಅಮ್ಮನ ಕೆಲಸವೇ. ಗಂಡ ತನ್ನ ಮನೆಯ ವಿಳಾಸ ಹೇಳಿ, ದುಡ್ಡು ಕೊಟ್ಟು, ಕಡಲೆಕಾಯಿ ಕೊಳ್ಳಲು ಆಚೆ ಹೋಗುತ್ತಿದ್ದ. ಆಗ ಹೆಂಡತಿ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಎರಡು ಹೆಜ್ಜೆ ಹಿಂದಕ್ಕೆ ಬಂದು, ‘ಅಕ್ಕಾ, ಇನ್ನೊಂದು ನಮ್ಮಮ್ಮನ ಮನೆಗೆ ಕಳಿಸ್ತೀರಾ?’ ಎಂದು ಕೇಳುತ್ತಿದ್ದಳು. ಎಲ್ಲರೂ ಅಲ್ಲ. ಆದರೆ ಕೇಳುವವರು ಪ್ರತಿ ಭಾನುವಾರ ಇಬ್ಬರೋ ಮೂವರೋ ಇದ್ದೇ ಇರುತ್ತಿದ್ದರು. ಕೆಲವರು ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಕೊಡುತ್ತಿದ್ದರು, ಕೆಲವರ ಹತ್ತಿರ ಏನೂ ಇರುತ್ತಿರಲಿಲ್ಲ. ಅಮ್ಮ ಯಾರಿಗೂ ಇಲ್ಲವೆನ್ನಲಿಲ್ಲ. ‘ಇದೇನು ಧರ್ಮಛತ್ರವಾ?’ ಎಂದು ಅಪ್ಪ ಗೊಣಗುತ್ತಿದ್ದರು. ‘ಗಂಡನ ಮನೆ ವಿಳಾಸ ಗಂಡಸರು ಹೇಳ್ತಾರೆ. ಇನ್ನೊಂದು ವಿಳಾಸ ಯಾರು ಹೇಳ್ಬೇಕು?’ ಎಂದು ಅಮ್ಮ ಕೇಳಿದರೆ ಅವರ ಬಳಿ ಉತ್ತರವಿರಲಿಲ್ಲ.

ಸೋಮವಾರ ರಾತ್ರಿ ನಮ್ಮ ಮನೆಯ ಬಚ್ಚಲು ಡಾರ್ಕ್‌ರೂಮ್ ಆಗುತ್ತಿತ್ತು. ಕಿಟಕಿಗೆ ಕರಿ ಕಂಬಳಿ, ಕೆಂಪು ಬಲ್ಬು, ಮೂರು ತಟ್ಟೆಗಳಲ್ಲಿ ಡೆವಲಪರ್, ನೀರು, ಹೈಪೋ. ಬಿಳಿಯ ಕಾಗದದ ಮೇಲೆ ಮೊದಲು ಕೂದಲು, ಹುಬ್ಬು, ಆಮೇಲೆ ಕುಂಕುಮ, ಕೊನೆಗೆ ಮುಖ ಮೂಡುವುದನ್ನು ನೋಡಿ ಬೆಳೆದವಳು ನಾನು. ಗಿರಾಕಿಗೆ ಹೋಗುವ ಪ್ರಿಂಟ್‌ಗಳನ್ನು ಅಪ್ಪ ಎನ್‌ಲಾರ್ಜರಿನಲ್ಲಿ ಇಟ್ಟು, ಅಂಚುಗಳನ್ನು ಕತ್ತರಿಸಿ, ಬೇಡದ್ದನ್ನೆಲ್ಲ ಬಿಟ್ಟು, ಕಾರ್ಡ್ ಸೈಜಿಗೆ ತರುತ್ತಿದ್ದರು. ತವರಿನ ಪ್ರತಿಗಳಿಗೆ ಅಷ್ಟೆಲ್ಲ ಉಪಚಾರವಿರಲಿಲ್ಲ. ಅಪ್ಪ ಮಲಗಲು ಹೋದ ಮೇಲೆ ಅಮ್ಮ ಕತ್ತರಿಸಿ ಉಳಿದ ಕಾಗದದ ಚೂರುಗಳನ್ನು ತೆಗೆದುಕೊಂಡು, ಅದರ ಮೇಲೆ ನೆಗೆಟಿವನ್ನು ನೇರವಾಗಿ ಇಟ್ಟು, ಗಾಜು ಒತ್ತಿ, ದೀಪ ಹಾಕಿ ‘ಒಂದು, ಎರಡು, ಮೂರು’ ಎಣಿಸಿ ಆರಿಸುತ್ತಿದ್ದಳು. ನೆಗೆಟಿವ್ ಎಷ್ಟಗಲವೋ ಅಷ್ಟೇ ಚಿತ್ರ: ಎರಡೂಕಾಲು ಅಂಗುಲದ ಚೌಕ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಲಕೋಟೆಯ ಮೇಲೆ ವಿಳಾಸ ಬರೆಯುವುದು, ರಿಜಿಸ್ಟರಿನಲ್ಲಿ ಏರಿಸುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿತ್ತು. ಚಿತ್ರದ ನಂಬರು, ತಾರೀಕು, ಎಷ್ಟು ಜನ, ಎಷ್ಟು ಪ್ರತಿ, ವಿಳಾಸ. ತವರಿಗೆ ಹೋಗುವುದಿದ್ದರೆ ಕೊನೆಯಲ್ಲಿ ‘ತ’ ಎಂದು ಬರೆದು, ಅದರ ಮುಂದೆ ಎರಡನೆಯ ವಿಳಾಸ.

ಎಂಬತ್ತರ ದಶಕದ ನಡುವೆ ಬಣ್ಣದ ಫೋಟೋ ಬಂತು. ತೊಳೆಯುವ ಕೆಲಸ ಲ್ಯಾಬುಗಳ ಪಾಲಾಯಿತು, ಬಚ್ಚಲು ಮತ್ತೆ ಬಚ್ಚಲಾಯಿತು. ಆಮೇಲೆ ಪ್ರವಾಸಿಗರೇ ಹಾಟ್‌ಶಾಟ್ ಕ್ಯಾಮೆರಾ ತರತೊಡಗಿದರು. ಅಪ್ಪ 1997ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ನಾನು ಶಿವಮೊಗ್ಗದಲ್ಲಿ ಶಿಕ್ಷಕಿಯಾಗಿ, ವಿನೋಬನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. 1999ರಲ್ಲಿ ಅಮ್ಮನನ್ನು ಕರೆತಂದಾಗ ಜೊತೆಗೆ ಮೂರು ಟ್ರಂಕುಗಳು ಬಂದವು. ತುಂಬ ನೆಗೆಟಿವ್‌ಗಳು, ಬಟರ್ ಪೇಪರಿನ ಲಕೋಟೆಗಳಲ್ಲಿ ನಂಬರು ಹಾಕಿ ಜೋಡಿಸಿದವು. ಎರಡು ಕೋಣೆಯ ಮನೆ, ಇಬ್ಬರು ಚಿಕ್ಕ ಮಕ್ಕಳು. ಮಲೆನಾಡಿನ ಮಳೆಗೆ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿಕೊಂಡು ಹುಳಿ ವಾಸನೆ ಬರುತ್ತಿತ್ತು. ಬೀದಿಯಲ್ಲಿ ಹಳೆ ಎಕ್ಸ್‌ರೇ ಫಿಲ್ಮು ಕೊಳ್ಳುವವನೊಬ್ಬ ಕೂಗುತ್ತಾ ಬಂದ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುತ್ತದೆ, ಅದನ್ನು ತೆಗೆಯುವವರಿದ್ದಾರೆ. ಕೇಜಿ ಲೆಕ್ಕದಲ್ಲಿ ಕೊಟ್ಟುಬಿಟ್ಟೆ. ಬಂದ ದುಡ್ಡಿಗೆ ಮಗನಿಗೆ ಶಾಲೆಯ ಚೀಲ ತಂದೆ.

ಆ ವಾರ ನಾನು ಎಂಟನೇ ತರಗತಿಗೆ ಮಾಡುತ್ತಿದ್ದ ಪಾಠ ‘ಇತಿಹಾಸದ ಆಧಾರಗಳು’. ಶಾಸನ, ನಾಣ್ಯ, ಸ್ಮಾರಕ, ಬರವಣಿಗೆ ಎಂದು ಬೋರ್ಡಿನ ಮೇಲೆ ಬರೆಸಿದ್ದೆ. ನನಗೆ ಏನೂ ಹೊಳೆಯಲಿಲ್ಲ. ಅಮ್ಮನೂ ಏನೂ ಅನ್ನಲಿಲ್ಲ. ಟ್ರಂಕಿನ ತಳದಲ್ಲಿದ್ದ ರಿಜಿಸ್ಟರುಗಳಲ್ಲಿ ಎರಡನ್ನು ಮಾತ್ರ ತೆಗೆದು ತನ್ನ ಮಂಚದ ಕೆಳಗೆ ಇಟ್ಟುಕೊಂಡಳು. ಹಿಂಬದಿಯ ಖಾಲಿ ಹಾಳೆಗಳಲ್ಲಿ ಹಸೆಗೆ ಕರೆಯುವ ಹಾಡು, ಆರತಿ ಹಾಡುಗಳನ್ನು ಬರೆದಿಡುತ್ತಿದ್ದಳು. 2011ರಲ್ಲಿ ಅವಳು ಹೋದ ಮೇಲೆ ಹಾಡಿಗಾಗಿ ಆ ಪುಸ್ತಕಗಳನ್ನು ಇಟ್ಟುಕೊಂಡೆ. ಫೋಟೋಗಾಗಿ ಅಲ್ಲ.

2023ರ ಸೆಪ್ಟೆಂಬರಿನ ಒಂದು ಭಾನುವಾರ ನಲವತ್ತರ ಆಚೆಯ ಹೆಂಗಸೊಬ್ಬರು ಮನೆ ಹುಡುಕಿಕೊಂಡು ಬಂದರು. ಭದ್ರಾವತಿಯಲ್ಲಿ ನಮ್ಮ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಪಕ್ಕದ ಹಳೆಯ ಅಂಗಡಿಯವರು ನನ್ನ ವಿಳಾಸ ಕೊಟ್ಟಿದ್ದರು. ಅವರು ಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಹಿಂದೆ ಅಪ್ಪನ ರಬ್ಬರ್ ಸ್ಟಾಂಪು, ನಂಬರು. ಮುಂದೆ ಜೋಗ, ಕಬ್ಬಿಣದ ಬೇಲಿ, ಒಬ್ಬ ಯುವಕ, ಪಕ್ಕದಲ್ಲಿ ಸೀರೆಯುಟ್ಟ ಒಂದು ಆಕೃತಿ. ಅದಕ್ಕೆ ಮುಖವಿರಲಿಲ್ಲ. ಕಟ್ಟು ಹಾಕಿಸಿದ ಫೋಟೋ; ತೇವಕ್ಕೆ ಗಾಜಿಗೆ ಅಂಟಿಕೊಂಡಿತ್ತಂತೆ, ಬಿಡಿಸಲು ಹೋದಾಗ ಮುಖವಿದ್ದ ಜಾಗವೇ ಕಿತ್ತು ಗಾಜಿನ ಮೇಲೆ ಉಳಿಯಿತಂತೆ.

‘ಇವರು ನಮ್ಮಮ್ಮ, ಟೀಚರೇ. ನನಗೆ ಏಳು ತಿಂಗಳಾಗಿದ್ದಾಗ ಹೋದರು. ಇದೊಂದೇ ಇದ್ದದ್ದು. ನೆಗೆಟಿವ್ ಇರಬಹುದೇನೋ ಅಂತ...’

ಇಲ್ಲವೆಂದು ಹೇಳಬೇಕಿತ್ತು. ‘ಹುಡುಕಿ ನೋಡ್ತೀನಿ’ ಎಂದೆ. ಸುಳ್ಳು. ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತೆ. ಚೀಲ ತಂದ ದುಡ್ಡು ನೆನಪಾಗಿ ಕೈ ನಡುಗಿತು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಎಚ್ಚರವಾಯಿತು. ಕಾಫಿ ತಂದಿಟ್ಟು ನಿಜ ಹೇಳಿದೆ: ಮಾರಿದ್ದು ನಾನೇ ಎಂದು. ಆಕೆ ಬಹಳ ಹೊತ್ತು ಲೋಟ ಹಿಡಿದುಕೊಂಡೇ ಕೂತಿದ್ದರು. ‘ಇರಲಿ ಬಿಡಿ, ನಿಮಗೇನು ಗೊತ್ತಿತ್ತು?’ ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎದ್ದು ಹೊರಡುವಾಗ ರಿಜಿಸ್ಟರಿನ ನೆನಪಾಯಿತು. ಎರಡೇ ಉಳಿದಿರುವುದು, ಆ ವರ್ಷದ್ದು ಇರಬೇಕೆಂದೇನಿದೆ? ಆದರೂ ಬೀರುವಿನಿಂದ ತೆಗೆದೆ. ಮೊದಲನೆಯದರಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಹಾಳೆ ತಿರುಗಿಸುತ್ತಾ ಹೋದೆ. 1979ರ ಅಕ್ಟೋಬರ್ 14, ಭಾನುವಾರ. ಹನ್ನೊಂದು ವರ್ಷದ ನನ್ನ ದುಂಡು ಅಕ್ಷರ. ಫೋಟೋದ ಹಿಂದಿದ್ದ ಅದೇ ನಂಬರು. ‘ಗಂಡ ಹೆಂಡತಿ. ಕಾರ್ಡ್ 2.’ ದಾವಣಗೆರ‍ೆಯ ಒಂದು ವಿಳಾಸ. ಸಾಲಿನ ಕೊನೆಗೆ ‘ತ’. ಅದರ ಮುಂದೆ ತರೀಕೆರೆ ತಾಲ್ಲೂಕಿನ ಒಂದು ಹಳ್ಳಿ, ಮನೆತನದ ಹೆಸರು, ಅಮ್ಮ ತುಂಬಿದ ಪಿನ್ ಕೋಡ್.

‘ತ ಅಂದ್ರೇನು?’ ಎಂದು ಆಕೆ ಕೇಳಿದರು. ಹೇಳಿದೆ. ಆಕೆಗೆ ಆ ಹಳ್ಳಿಯ ಹೆಸರು ಗೊತ್ತಿತ್ತು, ಹೋಗಿದ್ದು ಮಾತ್ರ ಎರಡೇ ಸಲ. ತಾಯಿ ತೀರಿದ ಮೇಲೆ ತಂದೆ ಬೇರೆ ಮದುವೆಯಾಗಿ, ಆ ಕಡೆಯ ಬಳಕೆಯೇ ನಿಂತುಹೋಗಿತ್ತು. ಆ ಸಾಲನ್ನು ತಮ್ಮ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು.

ಹನ್ನೆರಡು ದಿನ ಸುದ್ದಿಯಿಲ್ಲ. ಹದಿಮೂರನೆಯ ದಿನ ನಾನು ಸ್ಟಾಫ್ ರೂಮಿನಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಫೋನು ಬಂತು. ಸೋದರಮಾವ ಇಲ್ಲ, ಅತ್ತೆ ಇದ್ದಾರೆ. ಅಜ್ಜಿಯ ಟ್ರಂಕನ್ನು ಅಟ್ಟದಿಂದ ಇಳಿಸಿದರಂತೆ. ರೇಷ್ಮೆ ಸೀರೆಯ ಮಡಿಕೆಯಲ್ಲಿ, ಲಕೋಟೆಯ ಸಮೇತ ಇತ್ತಂತೆ. ಅಷ್ಟು ಚಿಕ್ಕ ಚಿತ್ರಕ್ಕೆ ಕಟ್ಟು ಹಾಕಿಸುವುದು ಹೇಗೆ? ಹಾಕಿಸಲಿಲ್ಲ, ಗಾಜಿಗೆ ಅಂಟಲೂ ಇಲ್ಲ. ನೆಗೆಟಿವ್‌ಗೆ ಒತ್ತಿ ತೆಗೆದ ಪ್ರಿಂಟ್ ಬಹಳ ಚೂಪಾಗಿರುತ್ತದೆ, ಶಿವಮೊಗ್ಗದ ಯಾವುದಾದರೂ ಲ್ಯಾಬಿನಲ್ಲಿ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿಸಬಹುದು ಎಂದೆ. ‘ಮಾಡಿಸ್ತೀನಿ’ ಎಂದು ಇನ್ನೇನೋ ಹೇಳಲು ಹೋದರು. ಆಗಲಿಲ್ಲ. ನನಗೂ ಆಗಲಿಲ್ಲ.

ಸಂಜೆ ವಾಟ್ಸಾಪಿನಲ್ಲಿ ಆ ಚಿತ್ರ ಕಳಿಸಿದರು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ. ಎರಡು ಎಳೆ ಮಲ್ಲಿಗೆ ಹೆಗಲ ಮುಂದೆ ಬಂದಿದೆ. ನಗುತ್ತಿದ್ದಾಳೆ. ಹುಲಿಯ ಮಾತು ಕೇಳಿ ನಕ್ಕವರೆಲ್ಲ ಹೀಗೇ ನಗುತ್ತಿದ್ದದ್ದು. ಅವಳ ಹಿಂದೆ ಮಂಜು ರಾಜನನ್ನು ಪೂರ್ತಿ ನುಂಗಿದೆ, ರಾಣಿ ಅರ್ಧ ಕಾಣುತ್ತದೆ.

ಕಾರ್ಡ್ ಸೈಜಿನಲ್ಲಿ ಅಪ್ಪ ಕತ್ತರಿಸಿ ಬಿಟ್ಟದ್ದೆಲ್ಲ ಈ ಚಿಕ್ಕ ಚೌಕದಲ್ಲಿ ಉಳಿದುಕೊಂಡಿತ್ತು. ಬೆರಳುಗಳಿಂದ ಹಿಗ್ಗಿಸಿ ನೋಡಿದೆ. ಕೆಳಗಿನ ಅಂಚಿನಲ್ಲಿ, ಹುಡುಗಿಯ ಕಾಲಿನಿಂದ ಸ್ವಲ್ಪ ದೂರ, ಒದ್ದೆ ನೆಲದ ಮೇಲೆ ಎರಡು ನೆರಳು. ಸಂಜೆಯ ಬಿಸಿಲು, ಉದ್ದಕ್ಕೆ ಬಿದ್ದಿವೆ. ನೆಲ ನೋಡಿಯೇ ಫೋಟೋ ತೆಗೆಯುತ್ತಿದ್ದ ಅಪ್ಪ ಅವತ್ತು ಯಾವ ಅವಸರದಲ್ಲಿದ್ದರೋ, ಬಸ್ಸಿನ ಹಾರನ್ ಆಗಿತ್ತೋ ಏನೋ. ಒಂದು ಬಗ್ಗಿದ ತಲೆಯ ನೆರಳು, ಎದೆಯ ಹತ್ತಿರ ಕ್ಯಾಮೆರಾ ಹಿಡಿದ ಮೊಣಕೈಗಳು. ಪಕ್ಕದಲ್ಲಿ ಇನ್ನೊಂದು ನೆರಳು, ಕೈ ಚಾಚಿ ಕೊಡೆ ಹಿಡಿದದ್ದು. ಜೋಗದಲ್ಲಿ ನಮ್ಮಪ್ಪ ಅಮ್ಮ ಇಬ್ಬರೂ ಜೊತೆಗಿರುವ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಕೊಡೆ ಪೂರ್ತಿ ಅಪ್ಪನ ಕಡೆಗೆ ವಾಲಿದೆ, ಅಮ್ಮನ ನೆರಳು ಅದರ ಆಚೆಗೆ ನಿಂತಿದೆ.